ಮೊದಲು ನೀರು ನೋಡು, ಆಮೇಲೆ ಗೋಡೆ

ನೀನು ಕಳಿಸಿದ ಫೋಟೋ ನೋಡಿದೆ ಮಗಾ. ಹನ್ನೊಂದು ಫೋಟೋ. ಹನ್ನೊಂದರಲ್ಲೂ ಬಿರುಕು. ಒಂದರಲ್ಲಾದರೂ ಮಾಡು ಇಲ್ಲ, ಸೂರು ಇಲ್ಲ. ಕೆಳಗೆ ಬರೆದಿದ್ದೀಯ: 'ಅಜ್ಜಾ, ಇದರ ಕತೆ ಮುಗೀತು, ಕೆಡವಿ ಹೊಸದು ಕಟ್ಟೋದೇ ವಾಸಿ.' ಹೋದ ತಿಂಗಳು ಚರ್ಚಿನ ಸಮಿತಿಗೆ ಕಾರ್ಯದರ್ಶಿಯಾದೆ, ಈ ತಿಂಗಳು ಚರ್ಚನ್ನೇ ಕೆಡವಲು ಹೊರಟೆ. ನಿನ್ನ ಉತ್ಸಾಹ ಕಂಡು ಸಂತೋಷವಾಯಿತು. ಅವಸರ ಕಂಡು ಈ ಭಂಡಿಗಡಿಯ ಜಗಲಿಯಲ್ಲಿ ಕೂತವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ 'ಆಯ್ತು ಅಜ್ಜಾ' ಅಂದುಬಿಡುತ್ತೀಯ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೂತು ಓದು.

ನೀನು ಓದಿದವನು. ಕಾಂಕ್ರೀಟು ಕಂಬಕ್ಕೆ ಎಷ್ಟು ಕಬ್ಬಿಣ ಬೇಕು ಅಂತ ನಿಂತಲ್ಲೇ ಲೆಕ್ಕ ಹಾಕುತ್ತೀಯ. ಆ ವಿದ್ಯೆಗೆ ನಾನು ಕೈ ಮುಗಿಯುತ್ತೇನೆ. ಆದರೆ ನಿಮ್ಮ ಚರ್ಚಿನಲ್ಲಿ ಕಾಂಕ್ರೀಟು ಇಲ್ಲವಲ್ಲ. ಜಂಬಿಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಹೆಬ್ಬಲಸಿನ ತೊಲೆ, ಮಂಗಳೂರು ಹಂಚು. ಅದರ ಸ್ವಭಾವವೇ ಬೇರೆ. ನಲವತ್ತು ವರ್ಷ ನಾನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಇಂಥ ಮಾಡು ಹತ್ತಿ ಇಳಿದಿದ್ದೇನೆ. ತೊಟ್ಟಿಮನೆ, ದೇವಸ್ಥಾನದ ಪೌಳಿ, ಬಸದಿಯ ಚಾವಡಿ, ಚರ್ಚು, ಎಲ್ಲದರ ಹಂಚನ್ನೂ ಕೈಯಾಡಿಸಿದ್ದೇನೆ. ಶೃಂಗೇರಿಯ ವಿದ್ಯಾಶಂಕರ ಗುಡಿಯ ಮೇಲೂ ಸಿಂಹನಗದ್ದೆಯ ಬಸದಿಯ ಮೇಲೂ ನಿಮ್ಮ ಚರ್ಚಿನ ಮೇಲೂ ಸುರಿಯುವುದು ಒಂದೇ ಮಳೆ. ಆ ಗುಡಿ ಕಗ್ಗಲ್ಲಿನದು, ಶತಮಾನಗಳಿಂದ ತಡೆದುಕೊಂಡಿದೆ. ನಿಮ್ಮದು ಮೆತ್ತನೆಯ ಜೀವ. ಗೊರಬು ಇಲ್ಲದೆ ನೆಟ್ಟಿಗದ್ದೆಯಲ್ಲಿ ನಿಂತರೆ ಎಂಥ ಗಟ್ಟಿ ಆಳೂ ಜ್ವರ ಹಿಡಿದು ಮಲಗುತ್ತಾನೆ, ಅಲ್ಲವಾ?

ಮೊದಲನೆಯ ಮಾತು ಇವತ್ತೇ ಕೇಳಿಸಿಕೋ, ಉಳಿದದ್ದು ನಾಳೆ ಓದಿದರೂ ಆದೀತು. ಈಗ ಮೇ ತಿಂಗಳು. 'ಮಾಡಿನ ಹಂಚೆಲ್ಲ ಇಳಿಸಿ ನೋಡೋಣ' ಅಂತ ಗುತ್ತಿಗೆದಾರ ಹೇಳಿದನಂತೆ, ನೀನು ತಲೆಯಾಡಿಸಿದೆಯಂತೆ. ಬೇಡ. ಇನ್ನೆರಡು ಮೂರು ವಾರಕ್ಕೆ ಮುಂಗಾರು ಹಿಡಿಯುತ್ತದೆ. ಆಗುಂಬೆ ನಮ್ಮ ಬೆನ್ನಿಗೇ ಇದೆ, ಅಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಅದರ ಅರ್ಧ ಬಿದ್ದರೂ ತೆರೆದಿಟ್ಟ ಜಂಬಿಟ್ಟಿಗೆ ಗೋಡೆ ನೆನೆದು ಗಂಜಿಯಾಗುತ್ತದೆ. ಹೊಸದಾಗಿ ಕಡಿದ ಜಂಬಿಟ್ಟಿಗೆ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಬಿಗಿಯಾಗುತ್ತದೆ. ಬಿಗಿಯಾದದ್ದೂ ಹೊಟ್ಟೆತುಂಬ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಮಾಡಿಗೆ ಕೈ ಹಾಕುವುದು ಕ್ರಿಸ್‌ಮಸ್ ಕಳೆದ ಮೇಲೆ, ಮುಗಿಸುವುದು ಈಸ್ಟರಿನ ಆಸುಪಾಸಿಗೆ. ಆ ನಾಲ್ಕು ತಿಂಗಳು ಬಿಟ್ಟರೆ ಉಳಿದ ಎಂಟು ತಿಂಗಳು ನೋಡುವ ಕೆಲಸ, ಕಾಯುವ ಕೆಲಸ.

ನೋಡುವುದು ಅಂದರೆ ಏನು ಅಂತ ಹೇಳುತ್ತೇನೆ. ಬಿಸಿಲಲ್ಲಿ ಗೋಡೆಯ ಫೋಟೋ ತೆಗೆಯುವುದಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ, ರಾತ್ರಿ, ಬ್ಯಾಟರಿ ಹಿಡಿದುಕೊಂಡು ಒಬ್ಬನೇ ಚರ್ಚಿನೊಳಗೆ ಕೂರಬೇಕು. ಕಿವಿ ತೆರೆದಿರಬೇಕು. ಹನಿ ಎಲ್ಲಿ ತಟ್ಟುತ್ತದೆ, ಎಲ್ಲಿ ಸದ್ದಿಲ್ಲದೆ ಗೋಡೆ ಹಿಡಿದು ಇಳಿಯುತ್ತದೆ. ಸದ್ದು ಮಾಡುವ ಸೋರಿಕೆ ಅಷ್ಟು ಕೆಟ್ಟದ್ದಲ್ಲ, ಕೆಳಗೊಂದು ಬಕೆಟ್ ಇಡಬಹುದು. ಪಕಾಸಿನ ಬೆನ್ನು ಹಿಡಿದು ಹರಿದು ಗೋಡೆಯ ತಲೆಯೊಳಗೆ ಇಳಿಯುತ್ತದಲ್ಲ, ಅದಕ್ಕೆ ಸದ್ದಿಲ್ಲ. ತೊಲೆಯ ತುದಿ ಕೊಳೆಯುವುದು ಅಲ್ಲೇ. ಗಂಟೆ ಗೋಪುರ ಮತ್ತು ಮಾಡು ಕೂಡುವ ಮೂಲೆಯನ್ನು ಎರಡು ಸಲ ನೋಡು. ನಾನು ಹತ್ತಿದ ಚರ್ಚುಗಳಲ್ಲೆಲ್ಲ ನೀರು ಮೊದಲು ನುಗ್ಗಿದ್ದು ಅಲ್ಲಿಂದಲೇ. ಗೋಪುರದ ಗೋಡೆಯಿಂದ ಇಳಿದ ನೀರೂ ಮಾಡಿನ ನೀರೂ ಒಂದೇ ದೋಣಿಗೆ ಬೀಳುತ್ತದೆ. ದೋಣಿಯಲ್ಲಿ ಹಲಸಿನ ಎಲೆ ತುಂಬಿದ್ದರೆ ಮುಗಿಯಿತು.

ಬೆಳಗ್ಗೆ ಒಳಗಿಂದಲೇ ಮಾಡು ನೋಡು. ಬೆಳಕಿನ ಚುಕ್ಕೆ ಕಂಡ ಕಡೆ ಹಂಚು ಜರುಗಿದೆ ಅಥವಾ ಒಡೆದಿದೆ. ಒಂದು ಕಾಗದದಲ್ಲಿ ಮಾಡಿನ ಚಿತ್ರ ಬರೆದು ಅಲ್ಲಲ್ಲಿ ಗುರುತು ಹಾಕು. ಹಳೆಯ ಹಂಚನ್ನು ಗುಜರಿಗೆ ಕೊಡಬೇಡ. ಬಾಸೆಲ್ ಮಿಷನ್ನಿನ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜಪ್ಪಿನಲ್ಲಿ ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲಿನ ನಮ್ಮ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಆ ಕಾಲದ ಹಂಚನ್ನು ಬೆರಳ ಗಂಟಿನಿಂದ ಬಡಿದು ನೋಡು, ಕಂಚಿನಂತೆ ನಾದ ಬಂದರೆ ಇನ್ನೂ ಐವತ್ತು ಮಳೆ ತಡೆಯುತ್ತದೆ. ಡಬ್ ಅಂದರೆ ಒಳಗೆ ಸೀಳಿದೆ. ಅಂಥದ್ದನ್ನು ಮಾತ್ರ ಬದಲಿಸು. ಇಡೀ ಮಾಡು ಬಿಚ್ಚಿ ತಗಡು ಹೊದಿಸುವ ಆಸೆ ನಿನಗಿದೆ ಅಂತ ಗೊತ್ತು. ತಗಡಿನ ಕೆಳಗೆ ಗಾಳಿಯಾಡದೆ ಮರ ಬೆವರಿ ಬೂಸಲು ಹಿಡಿದದ್ದನ್ನು ನಾನು ಕಂಡಿದ್ದೇನೆ. ಹಂಚು ಉಸಿರಾಡಲು ಬಿಡುತ್ತದೆ.

ಮೇಲಿನ ನೀರು ಆಯಿತು. ಕೆಳಗಿನ ನೀರು ಅದಕ್ಕಿಂತ ಕಳ್ಳ.

ನಿಮ್ಮ ಚರ್ಚಿನ ಸುತ್ತ ಮೂರು ವರ್ಷದ ಹಿಂದೆ ಇಂಟರ್‌ಲಾಕ್ ಹಾಸಿದರು. ಚೆಂದ ಕಾಣುತ್ತದೆ, ಮದುವೆಗೆ ಬಂದವರ ಚಪ್ಪಲಿಗೆ ಕೆಸರಾಗುವುದಿಲ್ಲ. ಆದರೆ ಹಾಸುವಾಗ ಅಂಗಳ ಅರ್ಧ ಅಡಿ ಮೇಲೆ ಬಂತು. ಅದಕ್ಕೂ ಹಿಂದೆ ಒಮ್ಮೆ ಸಿಮೆಂಟು ಹಾಕಿದ್ದರು, ಅದರ ಹಿಂದೆ ಮಣ್ಣು ತುಂಬಿದ್ದರು. ಈಗ ಹೊರಗಿನ ನೆಲ ಒಳಗಿನ ನೆಲಕ್ಕೆ ಸಮ. ಸೂರಿನ ನೀರು ಇಂಟರ್‌ಲಾಕ್ ಮೇಲೆ ಬಿದ್ದು, ಹಾರಿ, ಗೋಡೆಗೆ ಬಡಿಯುತ್ತದೆ. ಉಳಿದದ್ದು ಸಂದಿನಲ್ಲಿ ಇಂಗಿ ಬುನಾದಿಗೆ ಹೋಗುತ್ತದೆ. ನೀನು ಕಳಿಸಿದ ಏಳನೇ ಫೋಟೋದಲ್ಲಿ ಗೋಡೆಯ ಕೆಳಗಿನ ಮೂರು ಅಡಿ ಕಪ್ಪಾಗಿದೆಯಲ್ಲ, ಅದನ್ನು ನೀನು ಬಣ್ಣ ಹೋದದ್ದು ಅಂದುಕೊಂಡಿದ್ದೀಯ. ಅದು ಗೋಡೆ ಕುಡಿದ ನೀರಿನ ಅಳತೆ.

ಅದಕ್ಕೆ ಈ ಮೇ ತಿಂಗಳಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಗೋಡೆಯ ಸುತ್ತ ಎರಡು ಅಡಿ ಅಗಲ ಇಂಟರ್‌ಲಾಕ್ ಕಿತ್ತುಬಿಡು. ಸೂರಿನ ಹನಿ ಬೀಳುವ ಗೆರೆಗೆ ಸರಿಯಾಗಿ ಚರಂಡಿ ತೋಡಿಸು. ಒಳಗಿನ ನೆಲಕ್ಕಿಂತ ತಗ್ಗಿನಲ್ಲಿರಬೇಕು, ನೀರು ಹೊರಕ್ಕೆ ಹರಿದು ಗುಡ್ಡದ ಕೆಳಗಿನ ತೋಡಿಗೆ ಸೇರಬೇಕು. ಗುಡ್ಡದ ಕಡೆಯಿಂದ ಬರುವ ನೀರಿಗೆ ಮೇಲೆಯೇ ಅಗಳು ತೆಗೆದು ತಿರುಗಿಸು. ಅಗೆಯುವಾಗ ಬುನಾದಿಗೆ ಅಂಟಿಕೊಂಡು ಅಗೆಯಬೇಡ, ಬುನಾದಿಯ ಬುಡಕ್ಕಿಂತ ಆಳಕ್ಕೂ ಹೋಗಬೇಡ. ನಾಲ್ಕು ಜನ, ನಾಲ್ಕು ದಿನ. 'ಚರಂಡಿ ಮಾಡಿದ ಕಾರ್ಯದರ್ಶಿ' ಅಂತ ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ, ಅದು ನನಗೆ ಗೊತ್ತು. ಆದರೂ ಮಾಡಿಸು.

ಇನ್ನು ನಿನ್ನ ಬಿರುಕುಗಳಿಗೆ ಬರೋಣ. ಪಾಪ, ಅಷ್ಟು ಪ್ರೀತಿಯಿಂದ ಫೋಟೋ ತೆಗೆದಿದ್ದೀಯ.

ಬಿರುಕು ಅಂದರೆ ಗೋಡೆ ಆಡುವ ಮಾತು. ಕಲ್ಲಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಕೆಳಗಿನ ನೆಲ ಕೂತಿದೆ ಅಂತ ಹೇಳುತ್ತಿದೆ. ಮೇಲೆ ಅಗಲ, ಕೆಳಗೆ ಕಿರಿದು ಆದರೆ ಒಂದು ತುದಿ ತಗ್ಗುತ್ತಿದೆ ಅಥವಾ ಮಾಡು ಗೋಡೆಯನ್ನು ಹೊರಕ್ಕೆ ನೂಕುತ್ತಿದೆ. ಕೆಳಗೆ ಅಗಲವಾದರೆ ನಡುವಿನ ನೆಲ ಕುಸಿಯುತ್ತಿದೆ. ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ಹೆದರಬೇಡ. ಕಮಾನಿನ ಕಾಲು ಒಂದಿಷ್ಟು ಸರಿದಾಗ ಎಂದೋ ಬಿಟ್ಟದ್ದು ಅದು. ಅನೇಕ ಕಮಾನುಗಳು ಆ ಬಿರುಕು ಇಟ್ಟುಕೊಂಡೇ ನೂರು ವರ್ಷ ನಿಂತಿವೆ. ಎದೆ ಝಲ್ಲೆನ್ನಬೇಕಾದದ್ದು ಬಿರುಕೇ ಇಲ್ಲದೆ ಗೋಡೆ ಹೊಟ್ಟೆ ಬಿಟ್ಟಾಗ. ದಪ್ಪ ಗೋಡೆಯ ಒಳಪದರ ಹೊರಪದರ ಒಂದನ್ನೊಂದು ಬಿಟ್ಟಿವೆ, ನಡುವೆ ತುಂಬಿದ ಮಣ್ಣು ಜಾರುತ್ತಿದೆ ಅಂತ ಅದರ ಅರ್ಥ. ನಿನ್ನ ಹನ್ನೊಂದು ಫೋಟೋದಲ್ಲಿ ಒಂದರಲ್ಲೂ ಅದಿಲ್ಲ. ದೇವರು ದೊಡ್ಡವನು.

ಆದರೆ ಬಿರುಕು ಹಳೆಯದೋ ಹೊಸದೋ, ನಿಂತಿದೆಯೋ ನಡೆಯುತ್ತಿದೆಯೋ ಅಂತ ಒಂದು ಫೋಟೋದಲ್ಲಿ ಹೇಳಲು ಬ್ರಹ್ಮನಿಂದಲೂ ಆಗುವುದಿಲ್ಲ. ಒಳಗೆ ಜೇಡರ ಬಲೆ, ಧೂಳು, ಹಳೆಯ ಸುಣ್ಣದ ಬಣ್ಣ ಇದ್ದರೆ ನಿನ್ನ ಅಪ್ಪ ಹುಟ್ಟುವ ಮೊದಲಿನದು. ಅಂಚು ಚೂಪಾಗಿ, ಒಳಗೆ ಬೆಳ್ಳಗಿದ್ದರೆ ಹೊಸದು. ಗಾಜಿನ ಅಂಗಡಿಯಿಂದ ಬೆರಳಗಲದ ತೆಳು ಪಟ್ಟಿ ತಾ. ಬಿರುಕಿನ ಮೇಲೆ ಅಡ್ಡ ಇಟ್ಟು ಎರಡು ತುದಿಗೂ ಗಾರೆ ಮೆತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆ. ಬಿರುಕಿನ ತುದಿಗೂ ಒಂದು ಗೆರೆ ಎಳೆದು ತಾರೀಖು ಹಾಕು. ಗಾಜು ಒಡೆದರೆ ಗೋಡೆ ನಡೆಯುತ್ತಿದೆ. ಒಡೆಯದಿದ್ದರೆ ನಿಂತಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು. ಏಕೆಂದರೆ ನಮ್ಮ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಜಾಗಗಳಲ್ಲಿ ಬಿರುಕೂ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಬೇಸಿಗೆಯಲ್ಲಿ ಅದು ಬಾಯಿಬಿಟ್ಟದ್ದು ಕಂಡು ಸಿಮೆಂಟು ತುರುಕಿದರೆ ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಇನ್ನೊಂದು ಒಡೆಯುತ್ತದೆ. ಜೊತೆಗೆ ಗೋಡೆಯ ತಲೆಯಿಂದ ತೂಗುಗುಂಡು ಬಿಟ್ಟು ವಾಲಿದ್ದು ಎಷ್ಟು ಅಂತ ತಿಂಗಳಿಗೊಮ್ಮೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆ. ಫೋನಿನಲ್ಲಿ ಬೇಡ. ನೀನು ವರ್ಷಕ್ಕೊಂದು ಫೋನ್ ಬದಲಿಸುತ್ತೀಯ.

ಒಂದು ಕತೆ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿಯ ಚರ್ಚಿನಲ್ಲಿ ಪೀಠದ ಹಿಂದಿನ ದೊಡ್ಡ ಶಿಲುಬೆ ಹಿಂದಿನ ಬೆಂಚಿನವರಿಗೆ ಸರಿಯಾಗಿ ಕಾಣುವುದಿಲ್ಲ ಅಂತ ಎರಡು ಅಡ್ಡತೊಲೆ ಕೊಯ್ದು ತೆಗೆಸಿದ್ದರು. ಮಾಡಿಸಿದವರು ಭಕ್ತಿಯಿಂದಲೇ ಮಾಡಿಸಿದ್ದು. ಶಿಲುಬೆ ಚೆನ್ನಾಗಿ ಕಂಡಿತು. ನಾಲ್ಕನೇ ಮಳೆಗಾಲಕ್ಕೆ ಎರಡು ಕಿಟಕಿ ಮುಚ್ಚಲಾರದೆ ಹೋದವು. ಬಡಗಿಯನ್ನು ಕರೆಸಿ ಕಿಟಕಿಯ ಬಾಗಿಲು ಹತ್ತರಿಸಿದರು. ಮರುವರ್ಷ ಮತ್ತೆ ಮುಚ್ಚಲಿಲ್ಲ, ಮತ್ತೆ ಹತ್ತರಿಸಿದರು. ಆಮೇಲೆ ನನ್ನನ್ನು ಕರೆದರು. ನಾನು ಕಿಟಕಿ ನೋಡಲಿಲ್ಲ, ಗೋಡೆಗೆ ಗುಂಡು ಬಿಟ್ಟೆ. ಎರಡೂವರೆ ಅಂಗುಲ ಹೊರಕ್ಕೆ ವಾಲಿತ್ತು.

ಯಾಕೆ ಅಂತ ನಿನಗೆ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಎರಡು ಕಡೆ ಇಳಿಜಾರಿನ ಮಾಡಿನ ಭಾರ ನೇರ ಕೆಳಗೆ ಇಳಿಯುವುದಿಲ್ಲ, ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ. ನುಣುಪು ನೆಲದಲ್ಲಿ ಕಾಲು ಅಗಲಿಸಿ ನಿಂತವನ ಹೆಗಲಿಗೆ ಅಕ್ಕಿಮೂಟೆ ಹೊರಿಸಿದರೆ ಕಾಲು ಎರಡೂ ಕಡೆ ಜಾರುತ್ತದಲ್ಲ, ಹಾಗೆ. ಎರಡು ಕಾಲಿಗೂ ಸೇರಿಸಿ ಹಗ್ಗ ಕಟ್ಟಿದರೆ ಜಾರುವುದಿಲ್ಲ. ಆ ಹಗ್ಗವೇ ಅಡ್ಡತೊಲೆ. ಅವರು ಹಗ್ಗ ಕೊಯ್ದಿದ್ದರು.

ಮೊದಲು ಒಳಗಿಂದ ಸರ್ವೆ ಕಂಬ ಕೊಟ್ಟು ಮಾಡಿನ ಭಾರ ಹಿಡಿದೆವು. ಹೊರಗಿಂದ ಗೋಡೆಗೆ ಓರೆ ಆಸರೆ ಕೊಟ್ಟೆವು. ಆಮೇಲೆ ತೊಲೆಯಿದ್ದ ಎತ್ತರದಲ್ಲೇ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಸರಳು ಹಾಯಿಸಿ, ಹೊರಗೆ ಅಗಲವಾದ ಕಬ್ಬಿಣದ ತಟ್ಟೆ ಇಟ್ಟು ನಟ್ಟು ಬಿಗಿದೆವು. ಒಂದೇ ದಿನ ಬಿಗಿಯಲಿಲ್ಲ. ವಾರಕ್ಕೆ ಒಂದು ಸುತ್ತು, ಅರ್ಧ ಸುತ್ತು. ಗೋಡೆಯನ್ನು ಎಳೆದು ನೆಟ್ಟಗೆ ಮಾಡಬೇಕು ಅಂತ ಸಮಿತಿಯವರಿಗೆ ಆಸೆ. ನಾನು ಒಪ್ಪಲಿಲ್ಲ. ಹಾಗೆ ಎಳೆದರೆ ಒಣಗಿದ ಗಾರೆ ಇನ್ನೊಂದು ಕಡೆ ಸೀಳುತ್ತದೆ. ಆ ಗೋಡೆ ಇವತ್ತಿಗೂ ಎರಡೂವರೆ ಅಂಗುಲ ವಾಲಿಕೊಂಡೇ ಇದೆ. ಮೊನ್ನೆ ಒಂದು ಮದುವೆಗೆ ಹೋದಾಗ ಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ಹೆಚ್ಚಾಗಿಲ್ಲ.

ನಿಮ್ಮ ಚರ್ಚಿನ ತೊಲೆಗಳ ತುದಿಯನ್ನು ಚೂಪು ಉಳಿಯಿಂದ ಚುಚ್ಚಿ ನೋಡು. ನಡುವೆ ಎಷ್ಟು ಗಟ್ಟಿಯಿದ್ದರೂ ಗೋಡೆಯೊಳಗೆ ಹೊಕ್ಕ ಒಂದು ಗೇಣೇ ಕೊಳೆಯುವುದು. ಉಳಿ ಸಲೀಸಾಗಿ ಇಳಿದರೆ ಒರಲೆಯೋ ಕೊಳೆಯೋ ಇದೆ. ಆಗಲೂ ಇಡೀ ತೊಲೆ ಎಸೆಯಬೇಡ. ಕೆಟ್ಟ ತುದಿ ಕೊಯ್ದು ಒಳ್ಳೆಯ ಒಣಮರದ ತುಂಡನ್ನು ಸಂದು ಕೂಡಿಸಿ, ಬೋಲ್ಟು ಹಾಕಿ ಬಿಗಿಯುವ ಆಚಾರಿಗಳು ಇನ್ನೂ ಇದ್ದಾರೆ. ಅಷ್ಟು ಉದ್ದದ ಹೆಬ್ಬಲಸಿನ ತೊಲೆ ಇನ್ನು ನಿನ್ನ ಜನ್ಮದಲ್ಲಿ ಸಿಗುವುದಿಲ್ಲ.

ಸಿಮೆಂಟಿನ ವಿಷಯ. ಇಲ್ಲಿ ನನ್ನ ಎದೆಯಲ್ಲಿ ಒಂದು ಮುಳ್ಳಿದೆ. ವಯಸ್ಸಿನಲ್ಲಿದ್ದಾಗ ಒಂದು ಚರ್ಚಿನ ಹೊರಗೋಡೆಯ ಹಳೆಯ ಸುಣ್ಣದ ಗಾರೆ ಕಿತ್ತು ಸಿಮೆಂಟು ಬಳಿದವನು ನಾನೇ. ಹೊಳೆಯುವ ಹಾಗೆ ಉಜ್ಜಿದ್ದೆ. ಊರೆಲ್ಲ ಹೊಗಳಿತು. ಮೂರು ಮಳೆಗಾಲ ಸರಿಯಾಗಿತ್ತು. ನಾಲ್ಕನೆಯದರಲ್ಲಿ ಅಂಗೈಯಗಲ ಉಬ್ಬಿತು, ಐದನೆಯದರಲ್ಲಿ ಬಾಗಿಲಗಲ ಕಳಚಿ ಬಿತ್ತು. ಬಿದ್ದದ್ದು ಸಿಮೆಂಟು ಮಾತ್ರವಲ್ಲ, ಕಲ್ಲಿನ ಮುಖವೂ ಒಂದಂಗುಲ ಅದರ ಜೊತೆ ಬಂದಿತ್ತು. ಒಳಗಿನ ಜಂಬಿಟ್ಟಿಗೆಯನ್ನು ಕೈಯಲ್ಲಿ ಹಿಚುಕಿದರೆ ಪುಡಿಯಾಯಿತು. ಸುಣ್ಣ ನೀರನ್ನು ಒಳಗೆ ಬಿಡುತ್ತದೆ, ಬಿಸಿಲು ಬಂದಾಗ ಹೊರಗೂ ಬಿಡುತ್ತದೆ. ಸಿಮೆಂಟು ಕೂದಲೆಳೆ ಬಿರುಕಿನಲ್ಲಿ ನೀರನ್ನು ಒಳಗೆ ಬಿಟ್ಟುಕೊಂಡು ಹೊರಗೆ ಹೋಗಲು ಬಿಡುವುದಿಲ್ಲ. ಮೆತ್ತನೆಯ ಕಲ್ಲಿಗೆ ಗಟ್ಟಿ ಅಂಗಿ ತೊಡಿಸಿದ್ದೆ. ಬಿದ್ದ ಕಲ್ಲಿನ ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಿನ್ನ ಕೈಯಲ್ಲಿ ಅದಾಗಬಾರದು ಅಂತಲೇ ಇಷ್ಟೆಲ್ಲ ಬರೆಯುವುದು.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು, ಬೇರೇನೂ ಬೇಡ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ವಾರಗಟ್ಟಲೆ ನೀರಿನ ಕೆಳಗೇ ಇಡಬೇಕು. ಬೆಣ್ಣೆಯ ಹಾಗೆ ಆಗಬೇಕು. ಮರಳು ಸೇರಿಸಿ ಚೆನ್ನಾಗಿ ಅರೆಯಬೇಕು. ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಅದರ ಹದ ಊರೂರಿಗೆ ಬೇರೆ. ಮೊದಲು ಕಾಣದ ಮೂಲೆಯಲ್ಲಿ ಒಂದು ಚದರಡಿ ಬಳಿದು ಒಂದು ಮಳೆ ನೋಡು. ಬಳಿದ ಮೇಲೆ ಬಿರುಬಿಸಿಲಿಗೆ ಬಿಡಬೇಡ, ಗೋಣಿ ತೋಯಿಸಿ ಮುಚ್ಚು. ಗಾಳಿ ಕುಡಿದು ಕಲ್ಲಾಗಲು ಅದಕ್ಕೆ ತಿಂಗಳುಗಳೇ ಬೇಕು. ಹಳೆಯ ಸಿಮೆಂಟು ಇದ್ದರೆ ಸುತ್ತಿಗೆಯಿಂದ ಹೊಡೆದು ಕೀಳಿಸಬೇಡ, ಸಡಿಲವಾದ ಕಡೆ ಮಾತ್ರ ಉಳಿ ಇಟ್ಟು ಮೆಲ್ಲಗೆ ಎಬ್ಬಿಸು.

ಹಾಗೆಯೇ ಗೋಪುರದ ಸಂದಿಯಲ್ಲಿ ಚಿಗುರಿದ ಅರಳಿಗಿಡವನ್ನು ಹುಡುಗರು ಹತ್ತಿ ಎಳೆದು ಕಿತ್ತಾರು, ತಡೆ. ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕೊಯ್ದು ಬೇರಿಗೆ ಔಷಧ ಹಾಕಿಸಿ ಸಾಯಲು ಬಿಡು, ಆಮೇಲೆ ಸಂದು ತುಂಬಿಸು. ಗಂಟೆ ತೂಗುವ ಕಬ್ಬಿಣದ ತೊಲೆ ಗೋಡೆಯೊಳಗೆ ತುಕ್ಕು ಹಿಡಿದಿದೆಯೇ ನೋಡು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಲ್ಲನ್ನೇ ಸೀಳುತ್ತದೆ. ಅದು ಖಚಿತವಾಗುವ ತನಕ ಗಂಟೆ ತೂಗಬೇಡಿ, ನಾಲಗೆಗೆ ಹಗ್ಗ ಕಟ್ಟಿ ಬಾರಿಸಿ.

ನೋಡಿ ಬರೆದಿಡು ಅಂತ ಯಾಕೆ ಹೇಳಿದೆ ಗೊತ್ತಾ? ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹಳೆಯ ಕಟ್ಟಡ 1911ರಲ್ಲಿ ಇದ್ದಕ್ಕಿದ್ದಂತೆ ಕುಸಿಯಿತು, ಈಗ ನೀನು ನೋಡುವುದು ಆಮೇಲೆ ಫಾದರ್ ಫ್ರಾಂಕ್ ಪಿರೇರಾ ಕಟ್ಟಿಸಿದ್ದು. 'ಇದ್ದಕ್ಕಿದ್ದಂತೆ' ಅನ್ನುವ ಮಾತು ನನ್ನನ್ನು ಸದಾ ಕಾಡುತ್ತದೆ. ನನ್ನ ಕಣ್ಣೆದುರಿಗೆ ಆದ ಕುಸಿತಗಳಲ್ಲಿ ಒಂದೂ ಇದ್ದಕ್ಕಿದ್ದಂತೆ ಆದದ್ದಲ್ಲ. ಪ್ರತಿಯೊಂದಕ್ಕೂ ಎರಡು ಮೂರು ವರ್ಷದ ಮುನ್ಸೂಚನೆ ಇತ್ತು, ಯಾರೂ ಬರೆದಿಟ್ಟಿರಲಿಲ್ಲ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ರೋಸರಿ ಚರ್ಚಿಗೆ ನೀನು ಗೆಳೆಯರ ಜೊತೆ ಹೋಗಿ ಫೋಟೋ ತೆಗೆಸಿಕೊಂಡು ಬಂದೆಯಲ್ಲ, ಅದನ್ನು ಇನ್ನೊಮ್ಮೆ ನೋಡು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರವರು ಬಿಟ್ಟು ಹೋದರು, ಮಳೆಗಾಲದಲ್ಲಿ ಅರ್ಧಕ್ಕರ್ಧ ಮುಳುಗುತ್ತದೆ. ಕಮಾನುಗಳು ದಶಕಗಟ್ಟಲೆ ನೀರಲ್ಲಿ ನಿಂತದ್ದು ಹಳೆಯ ಇಟ್ಟಿಗೆ ಗಾರೆಯ ಬಲ. ಆದರೆ ಮೇಲೆ ಮಾಡಿಲ್ಲ, ಗೋಡೆಯನ್ನು ಗೋಡೆಗೆ ಹಿಡಿಯುವ ತೊಲೆಯಿಲ್ಲ, ಹಂಚು ಜರುಗಿದರೆ ನೋಡುವ ಮನುಷ್ಯನಿಲ್ಲ. ನೀನು ಅದನ್ನು 'ಸೂಪರ್ ಜಾಗ' ಅಂದೆ. ನನಗೆ ಹೊಟ್ಟೆ ಉರಿಯಿತು.

ಮಂಗಳೂರಿನದೇ ಅಲೋಶಿಯಸ್ ಚಾಪೆಲ್ ನೋಡು. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ಕೂತು ಗೋಡೆ, ಮಾಡಿನ ಒಳಮೈಯೆಲ್ಲ ಚಿತ್ರ ಬರೆದದ್ದು. ಕರಾವಳಿಯ ಅಷ್ಟು ಮಳೆ, ಅಷ್ಟು ತೇವ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ವರ್ಷಗಟ್ಟಲೆ ಅಂಗುಲ ಅಂಗುಲ ಸರಿಪಡಿಸಿದರು. ಯಾರೂ 'ಹೊಸದಾಗಿ ಬಣ್ಣ ಹೊಡೆಯೋಣ' ಅನ್ನಲಿಲ್ಲ. ನಿಮ್ಮ ಚರ್ಚಿನಲ್ಲಿ ಮೊಸ್ಕೇನಿ ಇಲ್ಲ, ಒಪ್ಪಿದೆ. ಘಟ್ಟದ ಕೆಳಗಿಂದ ತೋಟದ ಕೆಲಸಕ್ಕೆ ಹತ್ತಿ ಬಂದ ನಿನ್ನ ಮುತ್ತಜ್ಜಂದಿರು ಭಾನುವಾರದ ರಜೆಯಲ್ಲಿ ಹೊತ್ತು ತಂದ ಕಲ್ಲುಗಳಿವೆ. ಅವು ಕಡಿಮೆಯವಲ್ಲ.

ಕೆಲಸಕ್ಕೆ ಯಾರನ್ನು ಕರೆಯುವುದು ಅಂತ ಕೇಳಿದ್ದೀಯ. ಹಳೆಯ ಕಟ್ಟಡ ರಿಪೇರಿ ಮಾಡಿ ಗೊತ್ತಿರುವ ಎಂಜಿನಿಯರನ್ನು ಕರೆ. ಹಿಂದೆ ಮಾಡಿದ ಕೆಲಸ ಎಲ್ಲಿದೆ ಅಂತ ಕೇಳಿ ಹೋಗಿ ನೋಡಿಬಾ, ಐದು ಮಳೆ ಕಳೆದ ಕೆಲಸವನ್ನೇ ನೋಡು. ಬಂದ ದಿನವೇ, ಮಾಡು ಹತ್ತದೆ, 'ಕೆಡವಬೇಕು' ಅನ್ನುವವನಿಗೆ ಕಾಫಿ ಕೊಟ್ಟು ಕಳಿಸು. ಹಳೆಯ ನಕ್ಷೆ ಹುಡುಕು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1963ರಲ್ಲಿ. ಅದಕ್ಕೂ ಹಿಂದಿನ ಕಾಗದ ಮೈಸೂರಿನಲ್ಲೇ ಉಳಿದಿರಬಹುದು, ಒಂದು ಪತ್ರ ಬರೆದು ಕೇಳು. ದೊಡ್ಡ ಖರ್ಚಿಗೆ ಹೇಗೂ ಬಿಷಪ್ಪರ ಅಪ್ಪಣೆ ಬೇಕು. ಗುರುಗಳನ್ನು ಜೊತೆಗಿಟ್ಟುಕೋ, ಅವರ ತಲೆಯ ಮೇಲೆ ಹಾರಬೇಡ. ಗುರುಗಳು ಐದಾರು ವರ್ಷಕ್ಕೆ ವರ್ಗವಾಗುತ್ತಾರೆ. ನಿನ್ನ ನೋಟ್‌ಬುಕ್ಕು ಇಲ್ಲೇ ಇರಬೇಕು, ಅದಕ್ಕೇ ಅದನ್ನು ಚರ್ಚಿನ ಕಪಾಟಿನಲ್ಲಿ ಇಡು.

ದುಡ್ಡಿನ ಮಾತು ಆಡದೆ ಇರಲಾರೆ. ದಾನಿಗಳು ಗೋಪುರಕ್ಕೆ ಕೊಡುತ್ತಾರೆ, ಗ್ರಾನೈಟಿಗೆ ಕೊಡುತ್ತಾರೆ, ದ್ವಾರಕ್ಕೆ ಕೊಡುತ್ತಾರೆ. ದುಬೈಯಲ್ಲಿರುವವನಿಗೆ ತಾನು ಕೊಟ್ಟದ್ದು ಊರಿಗೆ ಬಂದಾಗ ಕಾಣಬೇಕು, ಅದು ಸಹಜ, ತಪ್ಪಲ್ಲ. ತೊಲೆಯ ತುದಿಗೆ, ಸೂರಿನ ದೋಣಿಗೆ ಕೊಡು ಅಂತ ಕೇಳುವುದು ನಿನ್ನ ಕೆಲಸ. ಅವರನ್ನು ಮಾಡಿನ ಕೆಳಗೆ ಕರೆದುಕೊಂಡು ಹೋಗಿ ಉಳಿ ಕೈಗೆ ಕೊಟ್ಟು ಚುಚ್ಚಿ ನೋಡಿ ಅನ್ನು. ಒಬ್ಬರಾದರೂ ಇಲ್ಲ ಅಂದದ್ದು ನಾನು ನೋಡಿಲ್ಲ. ವರ್ಷವರ್ಷ ಹಂಚು ಕೈಯಾಡಿಸಲು, ದೋಣಿ ತೆಗೆಯಲು ಅಂತಲೇ ಬೇರೆ ಡಬ್ಬಿ ಇಡು. ಅದನ್ನು ಹಬ್ಬದ ಮೈಕಿಗೆ ಮುರಿಯಬೇಡ.

ಎಲ್ಲ ಹಳೆಯ ಕಟ್ಟಡವೂ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಗಾಜಿನ ಪಟ್ಟಿ ತಿಂಗಳು ತಿಂಗಳೂ ಒಡೆಯುತ್ತಿದ್ದರೆ, ಗುಂಡಿನ ಅಳತೆ ಏರುತ್ತಲೇ ಇದ್ದರೆ, ಕೆಳಗಿನ ಗುಡ್ಡವೇ ಜರುಗುತ್ತಿದ್ದರೆ ಹಟ ಹಿಡಿಯಬೇಡ. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ, ಕಳಸದ ಕಡೆ ಗುಡ್ಡಗಳೇ ಇಳಿದು ಬಂದದ್ದು ನೆನಪಿದೆ. ನೆಲವೇ ಹೊರಟ ಮೇಲೆ ಸುಣ್ಣ ಏನು ಮಾಡೀತು? ರಾತ್ರಿಯಲ್ಲಿ ಬಾಗಿಲು ಇದ್ದಕ್ಕಿದ್ದಂತೆ ಕಚ್ಚಿಕೊಂಡರೆ, ಬಿರುಕಿನಿಂದ ಹೊಸ ಪುಡಿ ಉದುರಿದರೆ, ಮಾಡಿನಲ್ಲಿ ಚಟ್ ಅಂತ ಸದ್ದಾದರೆ, ಆ ಕ್ಷಣವೇ ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕು. ಪೂಜೆ ಶಾಲೆಯ ಹಾಲಿನಲ್ಲಿ ಆಗುತ್ತದೆ. ಪವಿತ್ರ ವಸ್ತು ತರುತ್ತೇನೆ, ಪ್ರತಿಮೆ ತರುತ್ತೇನೆ ಅಂತ ಯಾರೂ ಒಳಗೆ ಓಡಬಾರದು, ನೀನಂತೂ ಓಡಲೇ ಬಾರದು. ನಿನ್ನ ಅಮ್ಮನಿಗೆ ನೀನೊಬ್ಬನೇ.

ಇನ್ನೊಂದು ಮಾತು ಮರೆಯುತ್ತಿದ್ದೆ. ಪ್ಯಾರಿಸ್ಸಿನ ನೊತ್ರ್ ದಾಮ್ ಚರ್ಚು 2019ರ ಏಪ್ರಿಲ್ 15ರಂದು ಉರಿದದ್ದನ್ನು ಟಿವಿಯಲ್ಲಿ ನೋಡಿದೆವಲ್ಲ, ಆಗ ಅಲ್ಲಿ ದುರಸ್ತಿ ಕೆಲಸವೇ ನಡೆಯುತ್ತಿತ್ತು. ನೂರಾರು ವರ್ಷದ ಮರದ ಮಾಡು ಒಂದು ಸಂಜೆಯಲ್ಲಿ ಹೋಯಿತು. ಮತ್ತೆ ಬಾಗಿಲು ತೆರೆದದ್ದು 2024ರ ಡಿಸೆಂಬರಿನಲ್ಲಿ. ನಿಮ್ಮ ಮಾಡಿನ ಕೆಳಗೆ ವೆಲ್ಡಿಂಗ್ ಬೇಡ, ಸರಳು ಹೊರಗೇ ಸಿದ್ಧವಾಗಿ ಬರಲಿ. ಬೀಡಿ ಸೇದುವವರು ಅಂಗಳದಾಚೆ ಹೋಗಲಿ. ಕೆಲಸ ನಿಲ್ಲಿಸಿದ ಮೇಲೆ ಒಂದು ಗಂಟೆ ಒಬ್ಬ ಮನುಷ್ಯ ಅಲ್ಲೇ ಕೂತಿರಲಿ.

ಈಗ ಈ ವಾರ ಮಾಡಬೇಕಾದದ್ದು ಇಷ್ಟೇ: ಗುತ್ತಿಗೆದಾರನಿಗೆ ಜನವರಿಗೆ ಬಾ ಅನ್ನು, ಚರಂಡಿ ತೋಡಿಸು, ಗಾಜಿನ ಪಟ್ಟಿ ತಾ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಹೊಸಕ್ಕಿ ಊಟ ಮುಗಿದ ಮೇಲೆ ನೋಟ್‌ಬುಕ್ಕು ತೆಗೆದುಕೊಂಡು ಬಾ, ಎಲ್ಲಿಂದ ಶುರು ಮಾಡುವುದು ಅಂತ ಆಗ ಕೂತು ತೀರ್ಮಾನಿಸೋಣ. ಅದಕ್ಕೂ ಮೊದಲು, ಜೂನಿನಲ್ಲಿ ಮೊದಲ ಜಡಿ ಹಿಡಿದ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ ಜೀಪು ಕಳಿಸು. ನಾನು ಎದ್ದೇ ಇರುತ್ತೇನೆ. ದೊಡ್ಡ ಬ್ಯಾಟರಿ ನನ್ನ ಹತ್ತಿರ ಇದೆ. ಹಿಂದಿನ ಬೆಂಚಿನಲ್ಲಿ ಇಬ್ಬರೂ ಕಂಬಳಿ ಹೊದ್ದು ಕೂತು, ನೀರು ಎಲ್ಲಿಂದ ಬರುತ್ತದೆ ಅಂತ ನೋಡೋಣ.